ಉಡಿಯಲ್ಲಿ ಬಿದ್ದ ಉಂಗುರ

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ನಿರ್ಮಲಾ ಬಂಗಾರದಂಥ ವರನನ್ನು ಕಾಲಿನಿಂದ ಒದ್ದಳೆಂದು ರಾಣೆಬೆನ್ನೂರಿನಲ್ಲಿ ಆಡಿಕೊಳ್ಳುವವರಿದ್ದಾರೆ. ಅವರ ಬಾಯಿ ಮುಚ್ಚಿಸುವುದು ನನ್ನಿಂದಾಗದ ಕೆಲಸ. ಆದರೆ ಆ ವರ ನಮ್ಮ ಹೊಸ್ತಿಲಿಗೂ ಬಂದು ಹೋದವನು. ನಾನು ಕಂಡದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ಯಾರು ಏನು ಬೇಕಾದರೂ ಅನ್ನಲಿ.

ನಿರ್ಮಲಾ ಮೇಡ್ಲೇರಿಯವಳು. ತಂದೆ ಪ್ರಭುಲಿಂಗಪ್ಪನವರಿಗೆ ಹೊಳೆದಂಡೆಯ ನೀರಾವರಿ ಹೊಲಗಳಿವೆ, ಉಣ್ಣಲು ಉಡಲು ಕೊರತೆಯಿಲ್ಲ. ಕೃಷಿ ಡಿಪ್ಲೊಮಾ ಮುಗಿಸಿದ ಮಗಳು ಇಲ್ಲಿಯ ಬೀಜದ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿ ಸೇರಿದಳು. ಬೆಳಗಾಗುತ್ತಲೇ ಸ್ಕೂಟಿ ಹತ್ತಿ ಹಳ್ಳಿಗಳಿಗೆ ಹೋಗಿ, ಟೊಮೆಟೊ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿಸುವುದು ಅವಳ ಕೆಲಸ. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಒಂದೊಂದಾಗಿ ಕೈಯಿಂದ ಮುಟ್ಟಿಸಬೇಕು, ಆಗಲೇ ಹೈಬ್ರಿಡ್ ಬೀಜ ಕಟ್ಟುವುದು. ಅದಕ್ಕೆ ಹೆಣ್ಣಾಳುಗಳು ಬೆರಳಿಗೊಂದು ಉಂಗುರ ಹಾಕಿಕೊಳ್ಳುತ್ತಾರೆ. ಹರಳಿರಬೇಕಾದ ಜಾಗದಲ್ಲಿ ಪುಟ್ಟ ಬಟ್ಟಲು, ಬಟ್ಟಲಲ್ಲಿ ಪರಾಗ. ಹೊಸಬರಿಗೆ ಕಲಿಸಲು ನಿರ್ಮಲಾ ಕೂಡ ಅಂಥದೊಂದು ಉಂಗುರ ಇಟ್ಟುಕೊಂಡಿದ್ದಳು. ಕೆಲಸ ಮುಗಿದ ಮೇಲೆ ಅದು ಪ್ಲಾಟಿನ ಶೆಡ್ಡಿನಲ್ಲಿ ಒಂದು ಮೊಳೆಗೆ ತೂಗುತ್ತಿತ್ತು.

ಹುಡುಗಿಯ ಗಂಟಲು ದೊಡ್ಡದು. ನೀರಿನ ಮೋಟರ್ ಹಾಕುವ ವಿಷಯಕ್ಕೆ ನನ್ನೊಡನೆ ವಾರಕ್ಕೊಮ್ಮೆ ಜಗಳ, ಜಗಳ ಮುಗಿದ ಮೇಲೆ ನನ್ನ ಅಡುಗೆಮನೆಯಲ್ಲೇ ಕೂತು ಚಹಾ. ಒಂದಿಷ್ಟು ನೆಲ ಹಿಡಿದು ಸ್ವಂತ ನರ್ಸರಿ ಮಾಡುವ ಆಸೆ ಅವಳಿಗಿತ್ತು. ಮದುವೆಯ ಮಾತು ತೆಗೆದರೆ ನಗುತ್ತಿದ್ದಳು.

"ಬ್ಯಾಡ ಅಂತಲ್ರಿ ಬಾಯಾರ, ಮನಸಿಗೆ ಬರಬೇಕಲ್ಲ."

ಮನಸ್ಸಿಗೆ ಬಾರದವನ ಹೆಸರು ಸುನೀಲಕುಮಾರ. ಹಾವೇರಿಯಲ್ಲಿ ಬೀಜ-ಗೊಬ್ಬರದ ದೊಡ್ಡ ಅಂಗಡಿ, ಮೂವತ್ತು ದಾಟಿದ ವಯಸ್ಸು, ಗೆರೆ ಕೆಡದ ಇಸ್ತ್ರಿಯ ಅಂಗಿ. ಹಿರಿಯರನ್ನು ಕರೆದುಕೊಂಡು ಮೇಡ್ಲೇರಿಗೆ ಹೋಗಿ ಹುಡುಗಿಯನ್ನು ನೋಡಿದ. ನಿರ್ಮಲಾ ಯೋಚಿಸಿ, ತಾನೇ ಫೋನು ಮಾಡಿ, ತಪ್ಪು ತಿಳಿಯಬೇಡಿ, ನನಗೆ ಒಪ್ಪಿಗೆಯಿಲ್ಲ ಎಂದಳು. ಆ ದಿನ ಚಹಾ ಕುಡಿಯುತ್ತ ನನಗೆ ಹೇಳಿದ್ದು ಹೀಗೆ:

"ನಾ ಒಲ್ಲೆ ಅಂದ್ರ ಅಂವ 'ಆತ್ರಿ, ಟೈಮ್ ತಗೋರಿ' ಅಂದ ನೋಡ್ರಿ. ನಾ ಎಲ್ಲಿ ಟೈಮ್ ಕೇಳಿದ್ದೆ?"

ಇಬ್ಬರೂ ನಕ್ಕೆವು. ಆಮೇಲೆ ಆ ಮಾತು ನೆನೆಸಿಕೊಂಡು ನಗು ಬಂದದ್ದಿಲ್ಲ.

ಉಪಕಾರಗಳು ಶುರುವಾದವು. ಅವಳ ಸ್ಕೂಟಿಯ ಹಿಂದಿನ ಟೈರು ಸವೆದಿತ್ತು. ಒಂದು ದಿನ ಪ್ಲಾಟಿನಿಂದ ಹೊರಗೆ ಬಂದರೆ ಹೊಸ ಟೈರು. ಮೋಡ ಕಟ್ಟಿದ ದಿನ ಶೆಡ್ಡಿನಲ್ಲಿ ಅವಳಳತೆಯ ರೇನ್‌ಕೋಟು. ಫೋನಿನ ರೀಚಾರ್ಜು ಮುಗಿಯುವ ಹಿಂದಿನ ದಿನವೇ ತುಂಬಿರುತ್ತಿತ್ತು. ಬೇಡವೆಂದು ಫೋನು ಮಾಡಿದರೆ, "ಇರ್ಲಿ ಬಿಡ್ರಿ, ಅದರಾಗೇನೈತಿ" ಎನ್ನುವನು. ನಂಬರು ಬ್ಲಾಕ್ ಮಾಡಿದಳು. ಉಪಕಾರ ನಿಲ್ಲಲಿಲ್ಲ. ನಮ್ಮ ಮನೆಗೂ ಒಮ್ಮೆ ಧಾರವಾಡದ ಪೇಢೆ ತಂದು, ನನ್ನನ್ನು ಚಿಕ್ಕಮ್ಮನೆಂಬಂತೆ 'ಕಾಕು' ಎಂದು ಕರೆದು, ನಮ್ಮವರ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿ ಹೋದ. ಕಾಕು ಅನ್ನಲು ಅವನಿಗೆ ಯಾರು ಹೇಳಿದ್ದರೋ.

"ಎಂಥಾ ಸಂಭಾವಿತ ಹುಡುಗ ನೋಡು ಜಾನಕಿ," ಎಂದರು ನಮ್ಮವರು, ಗಂಗಾಧರರಾಯರು.

ಪೇಢೆ ಕೊಟ್ಟವರೆಲ್ಲ ನಮ್ಮವರಿಗೆ ಸಂಭಾವಿತರೇ. ನನಗೆ ಮಾತ್ರ ಅವನು ಕೂತೆದ್ದ ಕುರ್ಚಿಯನ್ನು ಒರೆಸಬೇಕೆನಿಸಿತು. ಕಾರಣ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಹೀಗಿರುವಾಗ ಮೇಡ್ಲೇರಿಯಲ್ಲಿ ನಿರ್ಮಲಾಳ ಅತ್ತಿಗೆಯ ಕುಬಸ ಬಂತು. ಚೊಚ್ಚಲು ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ನನಗೂ ಕರೆಯಿತ್ತು, ಹೋಗಿದ್ದೆ. ಪೆಂಡಾಲಿನ ತುಂಬ ಹೆಂಗಸರು. ಅವರ ನಡುವೆ ಸುನೀಲಕುಮಾರನ ತಾಯಿ ಕೂತದ್ದನ್ನು ಕಂಡು ನಿರ್ಮಲಾಳಿಗೆ ಆಶ್ಚರ್ಯವಾಯಿತು. ಅವಳ ತಾಯಿ ಪ್ರೇಮವ್ವ, "ಅವರಾಗೇ ಕೇಳಿದ್ರವ್ವಾ, ಬರಬ್ಯಾಡ್ರಿ ಅನ್ನಾಕ ಬರ್ತೈತೇನು?" ಎಂದರು.

ಉಡಿ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮುಂದೊಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ-ಅಡಿಕೆ ಸುರಿಯುವುದು. ಕೊಡುವವಳು ಹಗೆಯವಳಾದರೂ ಉಡಿ ಬೇಡ ಎನ್ನುವಂತಿಲ್ಲ. ತುಂಬಿದ ಮೇಲೆ ಒಂದು ಕಾಳೂ ಚೆಲ್ಲುವಂತಿಲ್ಲ, ಅದರಲ್ಲೂ ಬಸುರಿಯ ಎದುರಿಗೆ. ಗಂಡಿನ ಮನೆಯವರು ಕನ್ಯೆಯ ಉಡಿ ತುಂಬಿದರೆ ಮಾತು ಮುಗಿದ ಹಾಗೆ, ಹುಡುಗಿ ಅವರವಳು.

ಸುನೀಲಕುಮಾರನ ತಾಯಿ ಬಸುರಿಗೆ ಉಡಿ ತುಂಬಿದಳು. ಆಮೇಲೆ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ನಿರ್ಮಲಾಳ ಕಡೆ ತಿರುಗಿ, "ಮನಿಮಗಳ ಉಡಿ ಖಾಲಿ ಇರಬಾರದವ್ವಾ, ಒಡ್ಡು" ಎಂದಳು. ತಟ್ಟೆಯನ್ನು ಯಾರೋ ಇಸಿದುಕೊಂಡರು. ನಿರ್ಮಲಾ ಎರಡೂ ಕೈಯಿಂದ ಸೆರಗೊಡ್ಡಿದಳು. ಅವಳಷ್ಟೇ ಅಲ್ಲ, ಅಲ್ಲಿದ್ದ ಯಾರೇ ಆದರೂ ಒಡ್ಡುತ್ತಿದ್ದರು. ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಅಕ್ಕಿ ಬಿತ್ತು, ಉತ್ತತ್ತಿ ಬಿತ್ತು, ಕೊನೆಗೆ ಕೊಬ್ಬರಿ ಬಟ್ಟಲು. ಬಟ್ಟಲಿನೊಳಗೆ ಉಂಗುರವಿತ್ತು.

ನಾನು ತಲೆಯೆತ್ತಿದಾಗ ಗಂಡಿನ ಕಡೆಯ ಹೆಂಗಸರೆಲ್ಲ ಫೋನು ಹಿಡಿದು ಸಿದ್ಧರಾಗಿದ್ದರು. ಪೆಂಡಾಲಿನ ಹಿಂದಿನಿಂದ ಸುನೀಲಕುಮಾರ ಬಂದ. ಸಿನಿಮಾದವರ ಹಾಗೆ ಒಂದು ಮೊಣಕಾಲೂರಿ, "ನನ್ನ ಮದುವಿ ಆಗ್ತೀರಿ?" ಎಂದು ಕೇಳಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ಉಡಿಯೊಳಗಿಂದ ಉಂಗುರವನ್ನು ಎತ್ತಿಕೊಂಡು ಅವಳ ಎಡಗೈಯನ್ನು ಹಿಡಿದ. ಕೈ ಕಿತ್ತುಕೊಂಡರೆ ಸೆರಗು ಜಾರುತ್ತದೆ, ಅಕ್ಕಿ ಚೆಲ್ಲುತ್ತದೆ, ಎದುರಿಗೆ ತುಂಬುಬಸುರಿ ಅತ್ತಿಗೆ. ಅದನ್ನೆಲ್ಲ ಅವನು ಮೊದಲೇ ಲೆಕ್ಕ ಹಾಕಿದ್ದ ಎಂದು ನನಗೆ ಆ ಕ್ಷಣದಲ್ಲೇ ಹೊಳೆಯಿತು. ನಿರ್ಮಲಾ ಬಾಯಿ ತೆರೆದಳು, ಚಪ್ಪಾಳೆಯ ಸದ್ದಿನಲ್ಲಿ ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಉಂಗುರ ಬೆರಳಿಗೆ ಏರಿತು.

"ಎಷ್ಟ್ ಸರಿಯಾಗಿ ಕುಂತೈತಿ ನೋಡ್ರಿ! ಅಳತಿ ಹೆಂಗ ಗೊತ್ತಾತು?" ಯಾರೋ ಕೇಳಿದರು.

"ಗೊತ್ತ ಮಾಡ್ಕೊಂಡೇನ್ರಿ," ಎಂದು ಅವನು ನಕ್ಕ.

ಹೇಗೆಂಬುದು ಮರುದಿನ ಪ್ಲಾಟಿನಲ್ಲಿ ತಿಳಿಯಿತು. ಕ್ರಾಸಿಂಗ್ ಮಾಡುವವರಲ್ಲಿ ಹಿರಿಯಳಾದ ಹುಸೇನಬಿ ಖುಷಿಯಿಂದ ತಾನಾಗಿಯೇ ಹೇಳಿದಳು. ಅವನು ಹಿಂದೆ ಒಮ್ಮೆ ಶೆಡ್ಡಿಗೆ ಬಂದು, ಮೊಳೆಗೆ ತೂಗುತ್ತಿದ್ದವುಗಳಲ್ಲಿ ಮೇಡಮ್ಮರ ಉಂಗುರ ಯಾವುದೆಂದು ಕೇಳಿ ಒಯ್ದು, ಅಕ್ಕಸಾಲಿಗನಿಗೆ ತೋರಿಸಿ, ತಂದು ಅದೇ ಮೊಳೆಗೆ ಹಾಕಿದ್ದನಂತೆ. ಯಾರಿಗೂ ಹೇಳಬಾರದೆಂದು ಎಲ್ಲರಿಗೂ ಕುಪ್ಪಸದ ಬಟ್ಟೆ ಕೊಟ್ಟಿದ್ದನಂತೆ.

"ಎಂಥಾ ಪಿರೂತಿ ಅಂತೀನಿ ಮೇಡಮ್ಮಾರ! ನನ್ನ ಗಂಡ ನನ್ನ ಬೆರಳ ಎಷ್ಟದಾವು ಅಂತಾನೂ ನೋಡ್ಲಿಲ್ಲ," ಎಂದು ಹುಸೇನಬಿ ನಕ್ಕಳಂತೆ. ಇದನ್ನು ನನಗೆ ಹೇಳುವಾಗ ನಿರ್ಮಲಾ ತನ್ನ ಬೆರಳನ್ನು ಉಜ್ಜಿಕೊಳ್ಳುತ್ತಲೇ ಇದ್ದಳು.

ಕುಬಸದ ದಿನವೇ ಉಂಗುರ ತೆಗೆದು ತಂದೆಯ ಕೈಗಿಟ್ಟು, ತಿರುಗಿ ಕೊಟ್ಟು ಬಾ ಎಂದಿದ್ದಳು. ಪ್ರಭುಲಿಂಗಪ್ಪನವರು ಒಳ್ಳೆಯ ಮನುಷ್ಯ, ಎತ್ತಿಗೂ ಗದರುವವರಲ್ಲ. ಆದರೆ ಉಂಗುರವನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿದರು.

"ಮಂದಿ ಮುಂದ ಉಡಿ ತುಂಬಿಸ್ಕೊಂಡಿಯವ್ವಾ. ಇನ್ನ ಅಂವ ನಮ್ಮ ಅಳಿಯಾನ ಆದ. ಅಂಥಾದೇನ ಕೆಟ್ಟ ಐತಿ ಹುಡುಗನ ಕಡೆ, ಹೇಳು?"

ಅದೇ ಅಲ್ಲವೇ ಕಷ್ಟ. ಕುಡಿಯುವುದಿಲ್ಲ, ಬೈಯುವುದಿಲ್ಲ, ದನಿ ಎತ್ತುವುದಿಲ್ಲ. ಬೊಟ್ಟು ಮಾಡಿ ತೋರಿಸಲು ಅವಳಿಗೆ ಒಂದು ತಪ್ಪನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಆ ಉಡಿಯಕ್ಕಿಯನ್ನು ಅವಳೇ ಬೇಯಿಸಿ ಉಣ್ಣಬೇಕೆಂದು ಪ್ರೇಮವ್ವ ಕಟ್ಟಿ ಕಳಿಸಿದ್ದರು. ಗಂಟು ಬಿಚ್ಚದೆ ಅವಳು ಅದನ್ನು ಮೂಲೆಗಿಟ್ಟಳು.

ಆಮೇಲೆ ಅವಳ ಪ್ಲಾಟುಗಳು ಬದಲಾದವು. ದೂರದ ಹಳ್ಳಿಗಳು ತಪ್ಪಿ ಹಾವೇರಿ ರಸ್ತೆಯವು ಬಂದವು. ಕೇಳಿದರೆ ಮ್ಯಾನೇಜರು, "ನಿಮ್ಮ ಮನಿಯವರ ಬಂದು ಬಿಸಲಾಗ ತಿರುಗೂದು ಕಡಿಮಿ ಮಾಡ್ರಿ ಅಂದ್ರು, ನಾ ಆತು ಅಂದೆ" ಎಂದರಂತೆ. ಮಾರನೆಯ ವಾರ ಅವನು ನಮ್ಮ ಬಾಗಿಲಿಗೆ ಬಂದ, ಕೈಯಲ್ಲಿ ಹೊಸ ಬೀಗ.

"ಕಾಕು, ಮ್ಯಾಲಿನ ಖೋಲಿ ಚಿಲಕಾ ಸಡಲ ಆಗೇತಂತ. ಈ ಬೀಗ ಹಾಕಸ್ರಿ. ಕಾಲ ಛಲೋ ಇಲ್ಲ."

ಬೀಗದ ಜೊತೆ ಎರಡು ಕೀಲಿಗಳಿದ್ದವು. ಅಂಥ ಬೀಗಕ್ಕೆ ಮೂರು ಬರುತ್ತವೆ, ನಮ್ಮ ಹಿತ್ತಿಲ ಬಾಗಿಲಿಗೂ ಅದೇ ಇದೆ.

"ಮೂರನೇದ ಎಲ್ಲಿ ಅದನೋ?" ಎಂದೆ.

"ಇರ್ತೈತಿ ಬಿಡ್ರಿ ಕಾಕು, ಕಳದ್ರ ಬೇಕಾಗ್ತೈತಿ," ಎಂದು ನಕ್ಕ.

ನಾನು ಆ ಬೀಗವನ್ನು ಅವನ ಕಾಲ ಹತ್ತಿರ ಒಗೆದೆ. ಅವನು ಬಗ್ಗಿ, ಎತ್ತಿಕೊಂಡು, ಧೂಳು ಒರೆಸಿ, ನಮಸ್ಕಾರ ಮಾಡಿ ಹೋದ. ನಮ್ಮವರು ತಾವೇ ಎದ್ದುಹೋಗಿ ಬಾಗಿಲ ಅಗುಳಿ ಹಾಕಿ ಬಂದರು. ಚಿಲಕ ಸಡಿಲಾದ ಸುದ್ದಿ ನನಗೂ ನಿರ್ಮಲಾಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರಿಗಾದರೂ ಹೇಳಿದ್ದೆಯಾ ಎಂದು ಅವಳನ್ನು ಕೇಳಿದರೆ, ತಂದೆಗೆ ಫೋನಿನಲ್ಲಿ ಹೇಳಿದ್ದೆ ಅಷ್ಟೇ ಎಂದಳು.

ಅವನಿಗೆ ಮುಂಚೆ ಬ್ಯಾಡಗಿಯ ಹುಡುಗಿಯೊಬ್ಬಳೊಡನೆ ಮದುವೆ ಗೊತ್ತಾಗಿ ಮುರಿದಿತ್ತೆಂಬ ಸುದ್ದಿ ಯಾರಿಂದಲೋ ಕಿವಿಗೆ ಬಿತ್ತು. ಹುಡುಗಿ ಸ್ನೇಹಾ, ಮೆಣಸಿನಕಾಯಿ ದಲಾಲರ ಮಗಳು. ಈಗ ಬೇರೆ ಕಡೆ ಮದುವೆಯಾಗಿ ಹೆರಿಗೆಗೆ ತವರಿಗೆ ಬಂದಿದ್ದಳು. ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಮೆಣಸಿನಕಾಯಿಯ ಘಾಟಿಗೆ ನಾನು ಸೆರಗು ಮೂಗಿಗೆ ಹಿಡಿದು ಕೂತಿದ್ದೆ. ಸ್ನೇಹಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಬಾಗಿಲ ಕಡೆ ನೋಡಿ ನೋಡಿ ಮಾತಾಡಿದಳು.

"ನನಗೂ ಉಡಿ ತುಂಬಿಸಿದ್ದ್ರಿ, ನಮ್ಮಕ್ಕನ ಮದುವ್ಯಾಗ. ಒಂದ್ ಮಾತ್ ಬೈದಿಲ್ರಿ ಅಂವ. ಬ್ಯಾಡಾ ಅಂದಂಗೆಲ್ಲಾ ಟೈಮ್ ತಗೋ ಅಂತಿದ್ದ. ಅಪ್ಪ ಉಂಗುರ ತಿರುಗಿ ಕೊಟ್ಟ ಬಂದ, ಬ್ಯಾರೆ ಕಡೆ ಗೊತ್ತ ಮಾಡಿದ. ನನ್ನ ಮದುವಿ ದಿನ ಪಂಕ್ತಿಯೊಳಗ ಬಡಸಾಕ ನಿಂತಿದ್ದ್ರಿ. ನನ್ನ ಎಲಿಗೆ ತುಪ್ಪ ಹಾಕೋರನ್ನ ತಡದು, 'ಅಕಿ ತುಪ್ಪ ಉಣ್ಣೂದಿಲ್ಲ' ಅಂತ ಹೇಳಿದ. ನನ್ನ ಗಂಡಗ ಇನ್ನೂ ಗೊತ್ತಿರ್ಲಿಲ್ಲ ಅದು."

"ಈಗ?" ಎಂದಳು ನಿರ್ಮಲಾ.

ಸ್ನೇಹಾ ಕೂಸಿನ ಟೊಪ್ಪಿಗೆ ಸರಿಮಾಡಿದಳು. ಆಮೇಲೆ ಅಳತೊಡಗಿದಳು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾ. ಮೇಡ್ಲೇರಿ ಕಡೆ ಒಬ್ಬಾಕಿನ್ನ ನೋಡ್ಯಾನ ಅಂತ ಸುದ್ದಿ ಬಂದ ದಿನ ನಾ ದೇವರಿಗೆ ಕಾಯಿ ಒಡಸೇನ್ರಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಟಿಕೆಟು ಕೇಳಿದ ನಿರ್ಮಲಾಳ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವಳು ಬೆಳಗಾವಿಗೆ ವರ್ಗ ಕೇಳಿದಳು. ಕಂಪನಿಯ ಗೋದಾಮಿನಲ್ಲಿ ಕೆಲಸ. ಹೊಲವಿಲ್ಲ, ಹೂವಿಲ್ಲ, ನಾಲ್ಕು ಗೋಡೆ. ಎಲ್ಲಿ ಹೋದಳೆಂದು ನನಗೂ ನಮ್ಮವರಿಗೂ ಗೊತ್ತಿತ್ತು. ತಂದೆಗೂ ಹೇಳಿ, ಯಾರಿಗೂ ತಿಳಿಸಬಾರದೆಂದು ಆಣೆ ಮಾಡಿಸಿಕೊಂಡು ಹೋದಳು. ಹಾವೇರಿಯಲ್ಲಿ ನಿಶ್ಚಯದ ಕಾರ್ಯಕ್ಕೆಂದು ಅವಳನ್ನು ಕೇಳದೆಯೇ ಅವನು ಹಿಡಿದಿದ್ದ ಕಲ್ಯಾಣ ಮಂಟಪದ ದಿನ ಬಂತು, ಹೋಯಿತು. ಗಲಾಟೆಯಿಲ್ಲ, ಫೋನಿಲ್ಲ, ಯಾರೂ ಕೇಳಿಕೊಂಡು ಬರಲಿಲ್ಲ. ಪೀಡೆ ತೊಲಗಿತೆಂದು ನಮ್ಮವರು ಸಮಾಧಾನಪಟ್ಟರು.

ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸುನೀಲಕುಮಾರ ನಿಂತಿದ್ದ, ಕೈಯಲ್ಲಿ ಕೆಂಪು ಸ್ವೆಟರಿನ ಪಾಕೀಟು. ಅವಳೆಲ್ಲಿ ಎಂದು ಕೇಳಲಿಲ್ಲ.

"ಬೆಳಗಾವಿ ಥಂಡಿ ಅಕಿಗೆ ತಡಿಯೂದಿಲ್ಲ ಕಾಕು. ಕೆಮ್ಮಾಕತ್ತಾಳ. ಶನಿವಾರ ಡ್ಯೂಟಿ ಲಗೂ ಮುಗೀತೈತಿ, ಅವತ್ತ ಕೊಟ್ಟ್ರ ಛಲೋ. ನಾನಾ ಹೋಗಿ ಕೊಡ್ಲ್ಯೋ, ನೀವು ಕಳಸ್ತೀರೋ?"

ಅವನ ಮುಖಕ್ಕೇ ಬಾಗಿಲು ಹಾಕಿ ನಿರ್ಮಲಾಳಿಗೆ ಫೋನು ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನಡುನಡುವೆ ಕೆಮ್ಮುತ್ತಿದ್ದದ್ದು ನಿಜ.

"ಕೆಮ್ಮಿದ್ದು ಅಪ್ಪಗ ಒಬ್ಬಗ ಹೇಳಿದ್ದೆ ಬಾಯಾರ," ಎಂದಳು ಕೊನೆಗೆ. "ನಾ ತಿರುಗಿ ಬರ್ತೇನಿ. ಅಂಜೂದ ಇದ್ರ ನಮ್ಮೂರಾಗ ಅಂಜತೇನಿ, ಇಲ್ಲ್ಯಾಕ ಬಂದ ಅಂಜಬೇಕು?"

ಶನಿವಾರ ಅವಳನ್ನು ಕರೆತರಲು ನಾನು ರಾಣೆಬೆನ್ನೂರು ಸ್ಟೇಷನ್ನಿಗೆ ಹೋದೆ. ನನಗಿಂತ ಮುಂಚೆ ಪ್ಲಾಟ್‌ಫಾರ್ಮಿನ ಮೇಲೆ ಅವನಿದ್ದ. ಒಬ್ಬನೇ ಅಲ್ಲ, ಪಕ್ಕದಲ್ಲಿ ಪ್ರಭುಲಿಂಗಪ್ಪನವರು ಹೆಗಲ ಮೇಲೆ ಟವೆಲು ಹಾಕಿಕೊಂಡು, ಮಗಳು ಬರುವ ಸಂತೋಷದಲ್ಲಿ ನಿಂತಿದ್ದರು. ಅವರನ್ನು ಮೇಡ್ಲೇರಿಯಿಂದ ಅವನೇ ಕಾರಿನಲ್ಲಿ ಕರೆತಂದಿದ್ದ.

ನಿರ್ಮಲಾ ಇಳಿದಳು. ತಂದೆಯನ್ನು ನೋಡಿದಳು, ಅವನನ್ನು ನೋಡಿದಳು.

"ಆಣಿ ಮಾಡಿದ್ದ್ಯಲ್ಲೋ ಅಪ್ಪಾ. ನೀ ಹೇಳಿದ್ಯಾ?"

"ಅಳಿಯಾ ಕೇಳಿದ್ರ ಹೆಂಗ ಹೇಳಲಾರದ ಇರಲ್ಯವ್ವಾ?" ಎಂದರು ಅವರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅದಕ್ಕೇ ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕೆನಿಸುವಷ್ಟು ಸಿಟ್ಟು ಬಂತು. "ದಿನಾ ಫೋನ್ ಮಾಡಿ ನಿನ್ನ ಕಾಳಜಿ ಮಾಡ್ತಾನ. ಕಾರ್ ತಂದಾನ, ಬಾ, ಹತ್ತು."

ಅವಳು ಚೀಲ ಕೆಳಗಿಟ್ಟು, ಅವನ ಎದುರು ಹೋಗಿ ನಿಂತು, ಹಳೆಯ ಗಂಟಲಿನಲ್ಲಿ ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಹೇಳಿದಳು.

"ನಾ ನಿಮ್ಮನ್ನ ಮದುವಿ ಆಗೂದಿಲ್ಲ. ಅವತ್ತೂ ಒಲ್ಲೆ ಅಂದೇನಿ, ಇವತ್ತೂ ಒಲ್ಲೆ ಅನ್ನಾಕತ್ತೇನಿ. ನನ್ನ ಹಿಂದ ಬರಬ್ಯಾಡ್ರಿ."

ಜನ ತಿರುಗಿ ನೋಡಿದರು. ಅವನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಆತ್ರಿ," ಎಂದ. "ಟೈಮ್ ತಗೋರಿ."

ಪ್ರಭುಲಿಂಗಪ್ಪನವರು ಆ ಮಾತನ್ನು ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಅವನ ಬಾಯನ್ನೇ ನೋಡಿದರು.

"ತಮ್ಮಾ, ಅಕಿ ಬ್ಯಾಡ ಅಂದ್ಲಲ್ಲ?"

"ಅಂತಾರ್ರಿ ಮಾವಾರ," ಎಂದು ಅವನು ಅವರ ಹೆಗಲ ಟವೆಲು ಸರಿಮಾಡಿದ. "ಮೊದಲ ಎಲ್ಲಾರೂ ಹಂಗ ಅಂತಾರ."

ಮುದುಕರು ಒಂದು ಹೆಜ್ಜೆ ಹಿಂದೆ ಸರಿದರು. ಮಗಳ ಚೀಲವನ್ನು ತಾವೇ ಎತ್ತಿಕೊಂಡು, ತೆರೆದಿಟ್ಟಿದ್ದ ಕಾರಿನ ಬಾಗಿಲನ್ನು ದಾಟಿ, ನಾನು ನಿಲ್ಲಿಸಿಕೊಂಡಿದ್ದ ಆಟೋದಲ್ಲಿ ಹೋಗಿ ಕೂತರು. ನಾವೂ ಹತ್ತಿದೆವು. ಎಲ್ಲಿಗೆ ಎಂದು ಆಟೋ ಓಡಿಸುವ ಖಲಂದರ ಕೇಳಿದಾಗ ಉತ್ತರ ಕೊಟ್ಟವರು ಅವರೇ.

"ಪೊಲೀಸ್ ಠಾಣೆಕ್ಕ ನಡಿಯಪಾ."

ದಾರಿಯುದ್ದಕ್ಕೂ ಅವರು ಮಗಳ ಎಡಗೈಯನ್ನು ತಮ್ಮ ಎರಡೂ ಕೈಯೊಳಗೆ ಮುಚ್ಚಿ ಹಿಡಿದಿದ್ದರು. ಬಿಳಿ ಕಾರು ಹಿಂದೆಯೇ ಬರುತ್ತಿತ್ತು, ಹಾರ್ನು ಹಾಕಲಿಲ್ಲ, ಓವರ್‌ಟೇಕ್ ಮಾಡಲಿಲ್ಲ. ಠಾಣೆಯ ಮುಂದೆ ನಾವು ಬಾಡಿಗೆ ಕೊಟ್ಟು ಇಳಿಯುವಷ್ಟರಲ್ಲಿ ಅವನೂ ಇಳಿದಿದ್ದ. ಲಗುಬಗೆಯಿಂದ ಮುಂದೆ ಹೋಗಿ, ಪ್ರಭುಲಿಂಗಪ್ಪನವರಿಗೆ ತೊಂದರೆಯಾಗದಿರಲೆಂದು ಠಾಣೆಯ ಗೇಟನ್ನು ತೆರೆದು ಹಿಡಿದು ನಿಂತ.